ತಮ್ಮ ಡಿಗ್ರಿ ಬಿಟ್ಟು ಗೇಮ್ ಲೈವ್ ಮಾಡ್ತೀನಿ ಅಂತಿದ್ದಾನೆ. ತುಮಕೂರಲ್ಲಿ ಕೂತು ಇದರಲ್ಲಿ ಬದುಕೋಕಾಗುತ್ತಾ?

ಶೆಟ್ಟಿಹಳ್ಳಿ_ಅಕ್ಕ
ಎಲ್ಲರಿಗೂ ನಮಸ್ಕಾರ. ತುಮಕೂರಿನವಳು ನಾನು, ತವರು ಶೆಟ್ಟಿಹಳ್ಳಿ ಕಡೆ. ತಮ್ಮನಿಗೆ 19 ವರ್ಷ, ಬಿಸಿಎ ಎರಡನೇ ವರ್ಷ. ಗೌರಿ ಹಬ್ಬಕ್ಕೆ ಮನೆಗೆ ಹೋಗಿದ್ದೆ. ಎಲ್ಲರೂ ಊಟಕ್ಕೆ ಕೂತಿರುವಾಗ ಇವನು, "ಅಪ್ಪ, ಕಾಲೇಜ್ ಬಿಡ್ತೀನಿ, ಇನ್ಮೇಲೆ ಫುಲ್ ಟೈಮ್ ಲೈವ್ ಮಾಡ್ತೀನಿ" ಅಂದುಬಿಟ್ಟ. ಅಪ್ಪ ಒಂದು ಮಾತೂ ಆಡಲಿಲ್ಲ. ಅರ್ಧ ಊಟಕ್ಕೇ ಎದ್ದು ಕೈ ತೊಳ್ಕೊಂಡು ಅಂಗಡಿಗೆ ಹೋದರು. ಅವತ್ತಿಂದ ಇಬ್ಬರಿಗೂ ಮಾತಿಲ್ಲ. "ಅವನಿಗೆ ಊಟ ಆಯ್ತಾ ಕೇಳು" ಅಂತ ಅಪ್ಪ ಅಮ್ಮನ ಕೈಲಿ ಕೇಳಿಸ್ತಾರೆ.

ತಮ್ಮ ನನಗೆ ನಿಂಜಾ ಅನ್ನೋ, ಗೇಮ್ ಆಡೋದನ್ನ ಇಂಟರ್ನೆಟ್‌ನಲ್ಲಿ ಲೈವ್ ತೋರಿಸೋ ಅಮೆರಿಕದವನ ಕತೆ ತೋರಿಸಿದ. ಟೈಲರ್ ಬ್ಲೆವಿನ್ಸ್ ಅಂತ ಹೆಸರು. ಒಂದಿಡೀ ರಾತ್ರಿ ಕೂತು ಓದಿದೆ. 2018ರ ಮಾರ್ಚ್‌ನಲ್ಲಿ ಡ್ರೇಕ್ ಅನ್ನೋ ಗಾಯಕನ ಜೊತೆ ಫೋರ್ಟ್‌ನೈಟ್ ಅನ್ನೋ ಗೇಮ್ ಆಡಿದಾಗ ಒಂದೇ ಹೊತ್ತಲ್ಲಿ 6 ಲಕ್ಷಕ್ಕೂ ಹೆಚ್ಚು ಜನ ನೋಡ್ತಾ ಇದ್ದರಂತೆ. ತಿಂಗಳಿಗೆ 5 ಲಕ್ಷ ಡಾಲರ್‌ಗಿಂತ ಜಾಸ್ತಿ ದುಡೀತೀನಿ ಅಂತ ಟಿವಿಯಲ್ಲಿ ಅವನೇ ಹೇಳಿದ್ದಾನೆ. ಅದೇ ವರ್ಷ ಜೂನ್‌ನಲ್ಲಿ ಒಂದು ಕಾರ್ಯಕ್ರಮಕ್ಕೆ ಹೋಗಿ ಬಂದವನು, 48 ಗಂಟೆಯೂ ಆಗಿಲ್ಲ, 40 ಸಾವಿರ ಸಬ್‌ಸ್ಕ್ರೈಬರ್ಸ್ ಹೋದರು ಅಂತ ಬರೆದುಕೊಂಡ. ನನಗೆ ಹೆದರಿಕೆ ಆಗಿದ್ದು ಅದನ್ನ ಓದಿ. ಇವನು ಗೆಲ್ಲದೇ ಹೋದ್ರೆ ಏನು ಅನ್ನೋದು ಒಂದು. ಗೆದ್ದರೂ ಎರಡು ದಿನ ಹಾಯಾಗಿ ಮಲಗೋಕಾಗದಿದ್ರೆ?

ತಮ್ಮನ ಯೂಟ್ಯೂಬ್ ಚಾನೆಲ್‌ಗೆ 8 ತಿಂಗಳು, 3,400 ಸಬ್‌ಸ್ಕ್ರೈಬರ್ಸ್. ಬಿಜಿಎಂಐ (ಪಬ್‌ಜಿ ಮೊಬೈಲ್ ಗೇಮ್‌ನ ಇಂಡಿಯಾ ರೂಪ) ಆಡ್ತಾನೆ, ಮಾತೆಲ್ಲಾ ಕನ್ನಡದಲ್ಲೇ. ರಾತ್ರಿ 9ಕ್ಕೆ ಶುರು ಮಾಡಿದ್ರೆ 2 ಗಂಟೆವರೆಗೂ. ನಾನು ಬೇರೆ ಹೆಸರಲ್ಲಿ ಹೋಗಿ ನೋಡಿದೆ. ಯಾವನೋ ಹುಡುಗ ಎಸ್ಸೆಸ್ಸೆಲ್ಸಿ ಫೇಲ್ ಆದೆ ಅಂತ ಚಾಟಲ್ಲಿ ಬರೆದಿದ್ದ. ಇವನು ಆಟ ಬಿಟ್ಟು ಹತ್ತು ನಿಮಿಷ ಆ ಹುಡುಗನಿಗೆ ಮತ್ತೆ ಪರೀಕ್ಷೆ ಕಟ್ಟೋದು ಹೇಗೆ ಅಂತ ಹೇಳಿದ. ಮನೇಲಿ ನಾಲ್ಕು ಮಾತು ಆಡದ ಹುಡುಗ! ಅದನ್ನ ನೋಡಿದ ಮೇಲೆ ಸುಮ್ಮನೆ "ಬೇಡ" ಅನ್ನೋಕೆ ಬಾಯಿ ಬರ್ತಿಲ್ಲ.

ಇದರಲ್ಲಿ ನಿಜವಾಗಿ ಬದುಕೋಕಾಗುತ್ತಾ? ಎಷ್ಟು ವರ್ಷ ಕೊಟ್ಟು ನೋಡಬೇಕು? ಅಪ್ಪನಿಗೆ ಏನಂತ ಹೇಳಲಿ? ಬೈಯೋಕೆ ಬರಬೇಡಿ, ಮಾಡಿ ಗೊತ್ತಿರೋರು ಹೇಳಿ.

ಬಟವಾಡಿ_72
ಡಿಗ್ರಿ ಮುಗಿಸೋಕೆ ಹೇಳಿ. ಮಿಕ್ಕಿದ್ದು ಆಮೇಲೆ.

ಹೆಬ್ಬಾಕ_ಹುಡುಗ
ಡಿಗ್ರಿ ಮುಗಿಸಿ ಏನ್ ಮಾಡ್ಬೇಕು ಗುರು? ನನ್ ಕ್ಲಾಸ್‌ಮೇಟ್ಸ್ ಅರ್ಧ ಜನ ಬೆಳಿಗ್ಗೆ ಟ್ರೈನ್ ಹತ್ತಿ ಯಶವಂತಪುರಕ್ಕೆ ಹೋಗಿ ರಾತ್ರಿ 9ಕ್ಕೆ ವಾಪಸ್ ಬರ್ತಾರೆ, 16 ಸಾವಿರ ಸಂಬಳ. ನಿಂಜಾ ಡಿಗ್ರಿ ಡಿಗ್ರಿ ಅಂತ ಕೂತಿದ್ರೆ ನಿಂಜಾ ಆಗ್ತಿದ್ನಾ? ಫೋರ್ಟ್‌ನೈಟ್ ಬಂತು, ಹಾರಿದ, ಸ್ಟಾರ್ ಆದ. ರಿಸ್ಕ್ ತಗೊಳ್ಳೋ ವಯಸ್ಸೇ ಇದು.

ಹಳೇ_ಹೇಲೋ
@ಹೆಬ್ಬಾಕ_ಹುಡುಗ, ಅದು ತಪ್ಪು ಮಾಹಿತಿ. ನಿಂಜಾ ಹೇಲೋ ಆಟದಲ್ಲಿ ಪ್ರೊ (ವೃತ್ತಿಪರ ಆಟಗಾರ) ಆಗಿ ಇಳಿದಿದ್ದು 2009ರಲ್ಲಿ. ಲೈವ್ ಶುರು ಮಾಡಿದ್ದು 2011ರಲ್ಲಿ. ಫೋರ್ಟ್‌ನೈಟ್ ಬ್ಯಾಟಲ್ ರಾಯಲ್ ಬಂದಿದ್ದು 2017ರ ಸೆಪ್ಟೆಂಬರ್. ನಡುವೆ ಆರು ವರ್ಷ ಅವನ ಹೆಸರು ಗೇಮ್ ಆಡೋರಿಗೆ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ. ಆರಂಭದ ದಿನಗಳಲ್ಲಿ ನೂಡಲ್ಸ್ ಹೋಟೆಲಲ್ಲಿ ಕೆಲಸಕ್ಕಿದ್ದ. ಫೋರ್ಟ್‌ನೈಟ್ ಬರೋ ಹೊತ್ತಿಗೆ ಎಚ್1ಝಡ್1, ಪಬ್‌ಜಿ ಎಲ್ಲ ಆಡಿ ಕೈ ಪಳಗಿಸಿಕೊಂಡು ರೆಡಿ ಇದ್ದ.

ಇನ್ನೊಂದು. 5 ಲಕ್ಷ ಡಾಲರ್ ಮಾತು ಬಂತಲ್ಲ, ಆ ಸಂದರ್ಶನದಲ್ಲೇ ಅವನು ಹುಡುಗರಿಗೆ ಹೇಳಿದ್ದಾನೆ: ಎಲ್ಲಾ ಬಿಟ್ಟು ಗೇಮ್‌ಗೆ ಕೂರಬೇಡಿ, ನಾನೂ ಓದು, ಕೆಲಸ ಎರಡನ್ನೂ ನೋಡಿಕೊಂಡೇ ಆಡ್ತಿದ್ದೆ ಅಂತ. ಅಕ್ಕ, ಆ ಭಾಗವನ್ನ ತಮ್ಮನಿಗೆ ತೋರಿಸಿ.

ಶಿರಾಗೇಟ್_ಹಳೇ_ಸ್ಟ್ರೀಮರ್
ಅಕ್ಕ, ನಾನು ಮಾಡಿ ಬಿಟ್ಟವನು. ಸ್ವಲ್ಪ ಉದ್ದ ಆಗುತ್ತೆ, ಓದಿ.

2019ರಲ್ಲಿ ಡಿಪ್ಲೊಮಾ ಓದ್ತಾ ಪಬ್‌ಜಿ ಲೈವ್ ಶುರು ಮಾಡಿದೆ. ಮೊದಲ ಮೂರು ತಿಂಗಳು ನೋಡೋರು ನಾಲ್ಕು ಜನ. ಅದರಲ್ಲಿ ಒಬ್ಬ ನನ್ನ ಚಿಕ್ಕಪ್ಪನ ಮಗ, ಒಂದು ನನ್ನದೇ ಇನ್ನೊಂದು ಫೋನು. ಲಾಕ್‌ಡೌನ್‌ನಲ್ಲಿ ಜನ ಮನೇಲಿ ಕೂತರು, ಚಾನೆಲ್ 11 ಸಾವಿರಕ್ಕೆ ಹೋಯ್ತು. ಯೂಟ್ಯೂಬ್‌ನಿಂದ ದುಡ್ಡು ಬರಬೇಕಂದ್ರೆ ಆಗ 1,000 ಸಬ್‌ಸ್ಕ್ರೈಬರ್ಸ್, ವರ್ಷದಲ್ಲಿ 4,000 ಗಂಟೆ ವಾಚ್ ಟೈಮ್ ಆಗಿರಬೇಕಿತ್ತು. ಅದೂ ಆಯ್ತು. 100 ಡಾಲರ್ ಸೇರಿದ ಮೇಲೇ ಬ್ಯಾಂಕಿಗೆ ಬರೋದು. ಮೊದಲ ಪೇಮೆಂಟ್ ಬಂದಾಗ ಅಮ್ಮನಿಗೆ ಮಿಕ್ಸಿ ಕೊಡಿಸಿದೆ. ಈಗಲೂ ಅದರಲ್ಲೇ ಚಟ್ನಿ ರುಬ್ಬೋದು.

2020ರ ಸೆಪ್ಟೆಂಬರ್ 2. ಸಂಜೆ ಲೈವ್‌ಗೆ ತಯಾರಾಗ್ತಿದ್ದೆ. ಪಬ್‌ಜಿ ಸೇರಿ 118 ಆಪ್ ಬ್ಯಾನ್ ಅಂತ ನ್ಯೂಸು. ಕೈಕಾಲೇ ಆಡಲಿಲ್ಲ. ನಾನೇನು ತಪ್ಪು ಮಾಡಿದ್ದೆ? ಚೀನಾ ಗಡಿಯಲ್ಲಿ ಏನೋ ಆಯ್ತು, ದೆಹಲಿಯಲ್ಲಿ ಒಂದು ಆದೇಶ ಆಯ್ತು, ಶಿರಾ ಗೇಟ್‌ನಲ್ಲಿ ನನ್ನ ಕೆಲಸ ಹೋಯ್ತು. ಫ್ರೀ ಫೈರ್ ಅನ್ನೋ ಇನ್ನೊಂದು ಗೇಮ್ ಕಡೆ ಹೋದೆ. ಪಬ್‌ಜಿ ನೋಡೋರು ಬರಲಿಲ್ಲ. 2021ರ ಜುಲೈನಲ್ಲಿ ಬಿಜಿಎಂಐ ಬಂತು, ಮತ್ತೆ ಅದಕ್ಕೆ ಬಂದೆ. ಮರುವರ್ಷ ಅದನ್ನೂ ತೆಗೆದರು. ಆವಾಗ ಕೈ ಚೆಲ್ಲಿದೆ. ಈಗ ವಸಂತನರಸಾಪುರದಲ್ಲಿ ಒಂದು ಫ್ಯಾಕ್ಟರಿ, ಶಿಫ್ಟ್ ಕೆಲಸ.

ಗೇಮ್ ಆಡೋದು ನಾವು. ಗೇಮ್ ಇನ್ನೊಬ್ಬನದು, ವೇದಿಕೆ ಮತ್ತೊಬ್ಬನದು. ಯಾರು ಎದ್ದು ಹೋದ್ರೂ ಬೀದಿಗೆ ಬರೋದು ನಾವೇ. ತಮ್ಮನಿಗೆ ಒಂದೇ ಪ್ರಶ್ನೆ ಕೇಳಿ ಅಕ್ಕ: ನಾಳೆ ಬಿಜಿಎಂಐ ಹೋದ್ರೆ ನಿನ್ನ 3,400 ಜನದಲ್ಲಿ ಎಷ್ಟು ಜನ ನಿನಗೋಸ್ಕರ ಉಳೀತಾರೆ?

ನಿಟ್ಟೂರು_ರೋಡ್
ಬಿಜಿಎಂಐ ತೆಗೆದಿದ್ದು 2022 ಜುಲೈ 28. 2023ರ ಮೇ ಕೊನೆಗೆ ವಾಪಸ್ ಬಂತು. ಹತ್ತು ತಿಂಗಳು ತಡ್ಕೊಂಡಿದ್ರೆ ಆಗ್ತಿತ್ತು ಅಣ್ಣ.

ಶಿರಾಗೇಟ್_ಹಳೇ_ಸ್ಟ್ರೀಮರ್
@ನಿಟ್ಟೂರು_ರೋಡ್, ಹತ್ತು ತಿಂಗಳಿಗೇ ಬರುತ್ತೆ ಅಂತ ಅವತ್ತು ಯಾರು ಹೇಳಿದ್ರು? ಮನೆ ಬಾಡಿಗೆ ಹತ್ತು ತಿಂಗಳು ಕಾಯಲ್ಲ.

ಕೋಲಾರ_ಟೊಮೆಟೊ_ಮಂಡಿ
ಇದು ನಮ್ಮ ಟೊಮೆಟೊ ಕತೇನೇ. 2023ರ ಜುಲೈನಲ್ಲಿ ಕೋಲಾರ ಮಂಡಿಯಲ್ಲಿ 15 ಕೆಜಿ ಬಾಕ್ಸು 2 ಸಾವಿರ ದಾಟಿತು. ಯಾರೋ ಒಬ್ಬ ರೈತ ಲಕ್ಷ ಲಕ್ಷ ಎಣಿಸೋ ವಿಡಿಯೊ ನೋಡಿ ನಮ್ಮೂರಲ್ಲಿ ರಾಗಿ ಹೊಲಕ್ಕೂ ಟೊಮೆಟೊ ನಾಟಿ ಮಾಡಿದರು. ಇವರ ಬೆಳೆ ಕೈಗೆ ಬರೋ ಹೊತ್ತಿಗೆ ಬಿಡಿಸೋ ಕೂಲಿನೂ ಗಿಟ್ಟಲಿಲ್ಲ. ವಿಡಿಯೊದಲ್ಲಿ ಕಂಡವನು ರೇಟಿಲ್ಲದ ಎಷ್ಟೋ ವರ್ಷ ಸುರಿದು ಬಂದವನು, ಅದನ್ನ ಯಾರೂ ಕೇಳಲಿಲ್ಲ. ನಿಂಜಾದು 2018ರ ರೇಟು. ತಮ್ಮ ಈಗ ನಾಟಿ ಮಾಡ್ತಿದ್ದಾನೆ.

ಹೆಬ್ಬಾಕ_ಹುಡುಗ
ಟೊಮೆಟೊಗೂ ಗೇಮ್‌ಗೂ ಏನ್ ಸಂಬಂಧ ಅಣ್ಣ? ಎಲ್ಲರ ಟೊಮೆಟೊ ಒಂದೇ. ಮಾತಾಡೋ ಕಲೆ ಒಬ್ಬೊಬ್ಬರದು ಒಂದೊಂದು ಥರ. ನಿಂಜಾ ಬಿಡಿ, ಮಾರ್ಟಲ್ ನೋಡಿ, ಗೇಮ್ ಲೈವ್ ಮಾಡೋ ನಮ್ ದೇಶದವನೇ. ಮಿನಿ ಮಿಲಿಷಿಯಾ ವಿಡಿಯೊ ಹಾಕ್ಕೊಂಡು ಬಂದವನು. 2019ರಲ್ಲಿ ಸೋಲ್ ಟೀಮ್ ಜೊತೆ ಪಬ್‌ಜಿ ಮೊಬೈಲ್ ಇಂಡಿಯಾ ಸೀರೀಸ್ ಗೆದ್ದ. 2020ರಲ್ಲಿ ಇಸ್ಪೋರ್ಟ್ಸ್ (ಗೇಮ್ ಸ್ಪರ್ಧೆ) ಅವಾರ್ಡ್ಸ್‌ನಲ್ಲಿ ವರ್ಷದ ಸ್ಟ್ರೀಮರ್ ಪಟ್ಟಿಗೆ ನಾಮಿನೇಟ್ ಆದ. ಅದೇ ವರ್ಷ ಪಬ್‌ಜಿ ಬ್ಯಾನ್ ಆಯ್ತು. ಮುಳುಗಿದ್ನಾ?

ಹಳೇ_ಹೇಲೋ
ಮುಳುಗಲಿಲ್ಲ, ಯಾಕೆ ಅಂತಾನೂ ಹೇಳಬೇಕಲ್ಲ. ಅವನು ಒಬ್ಬನೇ ಇರಲಿಲ್ಲ. ಟೀಮ್ ಇತ್ತು, ಎಸ್8ಯುಎಲ್ ಅಂತ ಸಂಸ್ಥೆಯಲ್ಲಿ ಪಾಲಿದೆ, ಬೇರೆ ಬೇರೆ ಆಟ ಆಡೋ, ವಿಡಿಯೊ ಮಾಡೋ ಹುಡುಗರ ದೊಡ್ಡ ಗುಂಪೇ ಇದೆ. ಜೊತೆಗೆ ಹಿಂದಿ. ಹಿಂದಿ ನೋಡುಗರ ಸಂಖ್ಯೆಯ ಮುಂದೆ ನಮ್ಮದು ಎಷ್ಟು ಹೇಳು.

ಮಧುಗಿರಿ_ಏಕಶಿಲೆ
ಅದಕ್ಕೇ ಕನ್ನಡ ಬಿಟ್ಟು ಹಿಂದಿಗೆ ಹೋಗಬೇಕಾ? ಹಿಂದಿಯಲ್ಲಿ ಸಾವಿರಾರು ಜನ ಅದೇ ಕೂಗಾಟ ಕೂಗ್ತಿದ್ದಾರೆ. ಆ ಜಾತ್ರೆಯಲ್ಲಿ ಇವನ ಅರ್ಧಂಬರ್ಧ ಹಿಂದಿ ಯಾರು ಕೇಳ್ತಾರೆ? "ಲೋ ಮನೆ ಹಿಂದೆ ಅವ್ನೆ ಕಣ್ಲಾ, ಬಗ್ಗಲಾ" ಅಂತ ನಮ್ಮ ಭಾಷೇಲಿ ಕೇಳಿದಾಗ ಆಗೋ ಖುಷಿನೇ ಬೇರೆ. ನಾನು 34 ವರ್ಷದವನು, ಗೇಮ್ ಆಡಲ್ಲ, ಆ ಮಾತಿಗೋಸ್ಕರ ನೋಡ್ತೀನಿ.

ಗುಬ್ಬಿ_ವೀರ
ಪ್ರೀತಿ ಬೇರೆ, ಜಾಹೀರಾತು ಬೇರೆ ಸ್ವಾಮಿ. ನೋಡೋರು ಕಮ್ಮಿ ಅಂದ್ರೆ ದುಡ್ಡೂ ಕಮ್ಮಿ.

ಮಧುಗಿರಿ_ಏಕಶಿಲೆ
ಹಂಗಂತ ಎಲ್ಲರೂ ಬಿಟ್ಟು ಹೋದ್ರೆ ನೋಡೋರು ಎಲ್ಲಿಂದ ಹುಟ್ಟುತ್ತಾರೆ? ನಾನು ತಿಂಗಳಿಗೆ 59 ರೂಪಾಯಿ ಮೆಂಬರ್‌ಶಿಪ್ ಕಟ್ತೀನಿ ಒಬ್ಬ ಹುಡುಗನಿಗೆ. ನೀವೂ ಕಟ್ಟಿ.

ಚಿಂತಾಮಣಿ_ಹಾಲಿನಮನೆ
ನಿಂಜಾನ ಆ 48 ಗಂಟೆ ವಿಷಯಕ್ಕೆ ಬರ್ತೀನಿ. ನಮ್ಮನೇಲಿ ಆರು ಹಸು. ನನ್ನ ಸ್ವಂತ ತಂಗಿ ಮದುವೆಗೆ ಹಿಂದಿನ ರಾತ್ರಿ ಹೋಗಿ, ಧಾರೆ ಮುಗಿದ ತಕ್ಷಣ ಊಟಾನೂ ಮಾಡದೆ ಸಂಜೆ ಹಾಲು ಕರೆಯೋಕೆ ಓಡಿ ಬಂದೆ. ಡೇರಿಗೆ ಎರಡು ಹೊತ್ತು ಹಾಲು ಹಾಕ್ಲೇಬೇಕು. ಆದ್ರೆ ಹಸು ಇರೋರಿಗೆ ಪಕ್ಕದ ಮನೆಯವರನ್ನ "ಇವತ್ತೊಂದು ಹೊತ್ತು ಕರೆದುಬಿಡಕ್ಕ" ಅಂತ ಕೇಳೋ ದಾರಿ ಇದೆ. ನಿಮ್ಮ ತಮ್ಮನ ಬದಲು ಪಕ್ಕದ ಮನೆಯವನು ಕೂತು ಮಾತಾಡೋಕಾಗುತ್ತಾ? ಅದನ್ನ ಯೋಚನೆ ಮಾಡಿ ಅಕ್ಕ.

ಶೆಟ್ಟಿಹಳ್ಳಿ_ಅಕ್ಕ
@ಚಿಂತಾಮಣಿ_ಹಾಲಿನಮನೆ, ನನ್ನ ಮನಸ್ಸಲ್ಲಿದ್ದದ್ದು ಇದೇ, ಹೇಳೋಕೆ ಗೊತ್ತಾಗ್ತಿರಲಿಲ್ಲ. ಹೋದ ತಿಂಗಳು ಇವನಿಗೆ 102 ಜ್ವರ. ಆದ್ರೂ ಕಂಬಳಿ ಹೊದ್ಕೊಂಡು ಲೈವ್‌ಗೆ ಕೂತ. ಅಮ್ಮ ಅತ್ತರು.

ಟ್ವಿಚ್_ನೋಡುವವನು
ಸಣ್ಣ ತಿದ್ದುಪಡಿ. ನಿಂಜಾ ಕಳ್ಕೊಂಡ ಆ 40 ಸಾವಿರ ಅಂದ್ರೆ ಯೂಟ್ಯೂಬ್‌ನ ಹಾಗೆ ಬಿಟ್ಟಿ ಸಬ್‌ಸ್ಕ್ರೈಬರ್ಸ್ ಅಲ್ಲ. ಅವನು ಲೈವ್ ಮಾಡ್ತಿದ್ದ ಟ್ವಿಚ್ ಅನ್ನೋ ತಾಣದಲ್ಲಿ ಸಬ್‌ಸ್ಕ್ರೈಬ್ ಅಂದ್ರೆ ಆಗ ತಿಂಗಳಿಗೆ 4.99 ಡಾಲರ್ ಕೊಡೋದು. ಇನ್ನೂ ಒಂದಿದೆ. ಅಮೆಜಾನ್ ಪ್ರೈಮ್ ಇದ್ದೋರಿಗೆ ತಿಂಗಳಿಗೊಂದು ಸಬ್ ಪುಕ್ಕಟೆ ಸಿಗುತ್ತೆ, ಆದ್ರೆ ಅದು ತಾನಾಗಿ ಮುಂದುವರಿಯಲ್ಲ, ಪ್ರತಿ ತಿಂಗಳೂ ಕೈಯಾರೆ ಒತ್ತಬೇಕು. ಅವನು ಲೈವ್‌ನಲ್ಲಿ ಕಾಣದಿದ್ರೆ ಒತ್ತೋರೂ ಇಲ್ಲ. ಜನ ಕೋಪ ಮಾಡ್ಕೊಂಡು ಹೋಗಿದ್ದಲ್ಲ. ವ್ಯವಸ್ಥೆ ಕಟ್ಟಿರೋದೇ ಹಾಗೆ.

ಬಟವಾಡಿ_72
ಅದು ಇನ್ನೂ ಕೆಟ್ಟದ್ದಲ್ವಾ?

ಟ್ವಿಚ್_ನೋಡುವವನು
ಹೌದು ಸರ್, ಕೆಟ್ಟದ್ದೇ. ಅದರಿಂದ ಬಿಡಿಸಿಕೊಳ್ಳೋಕೇ ಇರಬೇಕು, 2019ರ ಆಗಸ್ಟ್‌ನಲ್ಲಿ ನಿಂಜಾ ಮೈಕ್ರೋಸಾಫ್ಟ್‌ನ ಮಿಕ್ಸರ್ ಅನ್ನೋ ಲೈವ್ ತಾಣಕ್ಕೆ ಹೋದ. ಒಪ್ಪಂದದ ದುಡ್ಡು, ದಿನಾ ಎಣಿಸೋ ತಲೆನೋವಿಲ್ಲ. ಒಂದು ವರ್ಷ ತುಂಬಲಿಲ್ಲ, 2020ರ ಜುಲೈ 22ಕ್ಕೆ ಮಿಕ್ಸರ್ರೇ ಮುಚ್ಚಿತು. ಫೇಸ್‌ಬುಕ್ ಗೇಮಿಂಗ್‌ಗೆ ಹೋಗಿ ಅಂತ ಎಲ್ಲರಿಗೂ ದಾರಿ ತೋರಿಸಿದರು. ಇವನು ಹೋಗಲಿಲ್ಲ, ಸೆಪ್ಟೆಂಬರ್‌ನಲ್ಲಿ ಟ್ವಿಚ್‌ಗೇ ವಾಪಸ್. ಹೋಗದೇ ಇದ್ದಿದ್ದು ಸರಿಯಾಯ್ತು, ಆ ಫೇಸ್‌ಬುಕ್ ಗೇಮಿಂಗ್ ಆಪನ್ನೂ 2022ರ ಅಕ್ಟೋಬರ್‌ನಲ್ಲಿ ಮುಚ್ಚಿದರು. ಅದೇ ವರ್ಷದಿಂದ ಎಲ್ಲ ಕಡೆ ಒಟ್ಟಿಗೇ ಲೈವ್ ಬಿಡ್ತಾನೆ. ಒಂದೇ ಗೂಟಕ್ಕೆ ಕಟ್ಟಿಸಿಕೊಳ್ಳೋದು ಬೇಡ ಅಂತ ಅವನಿಗೆ ಗೊತ್ತಾಗೋಕೆ ಹನ್ನೊಂದು ವರ್ಷ ಬೇಕಾಯ್ತು.

ನಂದಿಬೆಟ್ಟದ_ತಂಪು
ಚಿಕ್ಕಬಳ್ಳಾಪುರದಿಂದ, ನಾನೂ ಲೈವ್ ಮಾಡ್ತೀನಿ. ಎರಡೂವರೆ ವರ್ಷ ಆಯ್ತು. ಹೆಣ್ಣುಮಕ್ಕಳು ಈ ಮಾತಲ್ಲಿ ಬರೋದೇ ಇಲ್ಲ, ಅದಕ್ಕೆ ಬರೀತಿದೀನಿ.

ಹಗಲು ಬ್ಯೂಟಿ ಪಾರ್ಲರ್ ಕೆಲಸ. ರಾತ್ರಿ 9ರಿಂದ 11 ಲೈವ್, ವಾರಕ್ಕೆ ನಾಲ್ಕು ದಿನ. ಮುಖ ತೋರಿಸಲ್ಲ, ಧ್ವನಿ ಮಾತ್ರ. ಮೊದಲ ತಿಂಗಳು ಚಾಟಲ್ಲಿ ಬಂದ ಮಾತುಗಳನ್ನ ಇಲ್ಲಿ ಬರೆಯೋಕಾಗಲ್ಲ. ಗೇಮ್ ಒಳಗೆ ಮೈಕ್ ಆನ್ ಮಾಡಿ ಹೆಣ್ಣು ಧ್ವನಿ ಅಂತ ಗೊತ್ತಾದ್ರೆ ಸಾಕು, ನಮ್ಮ ಟೀಮಿನವನೇ ಶುರು ಮಾಡ್ತಾನೆ. ಬಿಟ್ಟುಬಿಡೋಣ ಅಂತ ಎರಡು ಸಲ ಚಾನೆಲ್ ಡಿಲೀಟ್ ಬಟನ್‌ವರೆಗೂ ಹೋಗಿದ್ದೆ. ನನ್ನ ಅತ್ತಿಗೆ ಚಾಟ್ ಕಾಯೋ ಮಾಡರೇಟರ್ ಆಗಿ ಕೂತರು. ಕೆಟ್ಟ ಪದಗಳ ಪಟ್ಟಿ ಕನ್ನಡ ಲಿಪಿಯಲ್ಲೂ ಹಾಕಿದರು, ಇಂಗ್ಲಿಷ್ ಅಕ್ಷರದಲ್ಲಿ ಬರೆಯೋ ಕನ್ನಡ ಬೈಗುಳಗಳನ್ನೂ ಹಾಕಿದರು. ಪಟ್ಟಿಯಲ್ಲಿರೋ ಪದ ಬಂದ್ರೆ ತಾನೇ ತಡೆ ಹಿಡಿಯುತ್ತೆ. ಆಮೇಲೆ ಉಸಿರಾಡಿದೆ.

ಈಗ "ಅಕ್ಕ ಇವತ್ತು ಯಾಕೆ ಲೇಟು" ಅಂತ ಕೇಳೋ ಇಪ್ಪತ್ತು ಮೂವತ್ತು ಜನ ಕಾಯಂ ಇದ್ದಾರೆ. ಸೂಪರ್ ಚಾಟ್ (ನೋಡುಗರು ದುಡ್ಡು ಕೊಟ್ಟು ಕಳಿಸೋ ಮೆಸೇಜ್) ಬಂದ್ರೆ 100ರಲ್ಲಿ 30 ಯೂಟ್ಯೂಬ್‌ಗೆ, 70 ನಮಗೆ. ನನಗೆ ತಿಂಗಳಿಗೆ ಇಂಟರ್ನೆಟ್ ಬಿಲ್ಲು ಕಳೆದು ಒಂದು ಸಿಲಿಂಡರ್ ದುಡ್ಡು ಉಳಿಯುತ್ತೆ. ಆದ್ರೂ ಬಿಡಲ್ಲ. ಅದು ನನ್ನದು ಅಂತ ಇರೋ ಎರಡು ಗಂಟೆ.

ಅಕ್ಕ, ನಿಮ್ಮ ತಮ್ಮನ ಚಾಟಲ್ಲಿ ಹುಡುಗಿಯರು ಬಂದಾಗ ಅವನು ಹೇಗೆ ಮಾತಾಡ್ತಾನೆ ನೋಡಿ. ಅದು ಅವನ ಚಾನೆಲ್ ಎಲ್ಲಿಗೆ ಹೋಗುತ್ತೆ ಅಂತ ಹೇಳುತ್ತೆ.

ಶೆಟ್ಟಿಹಳ್ಳಿ_ಅಕ್ಕ
@ನಂದಿಬೆಟ್ಟದ_ತಂಪು, ನೋಡಿದೆ ಕಣಮ್ಮ. ಒಬ್ಬ ಕೆಟ್ಟದಾಗಿ ಬರೆದ, ಇವನು ತಕ್ಷಣ ತೆಗೆದು ಹಾಕಿ "ನಮ್ಮನೇಲೂ ಅಕ್ಕ ಇದ್ದಾಳೆ" ಅಂದ. ನಾನು ಅಲ್ಲೇ ಕೂತಿದ್ದು ಅವನಿಗೆ ಗೊತ್ತಿರಲಿಲ್ಲ.

ಕ್ಯಾತ್ಸಂದ್ರ_ತಟ್ಟೆಇಡ್ಲಿ
ತಮ್ಮನ ಮೇಲೆ ಗೌರವ ಬಂತು.

ಎಂ.ಜಿ.ರೋಡ್_ಅಕೌಂಟ್ಸ್
ದುಡ್ಡಿನ ವಿಷಯದಲ್ಲಿ ಒಂದು ಎಚ್ಚರಿಕೆ. ಸಣ್ಣ ಚಾನೆಲ್‌ಗಳಿಗೆ ರಮ್ಮಿ, ಬೆಟ್ಟಿಂಗ್ ಆಪ್‌ನವರೇ ಮೊದಲು ಮೆಸೇಜ್ ಮಾಡ್ತಿದ್ದರು. ನನ್ನ ಅಕ್ಕನ ಮಗನಿಗೆ ತಿಂಗಳಿಗೆ 15 ಸಾವಿರ ಕೊಡ್ತೀವಿ, ಡಿಸ್ಕ್ರಿಪ್ಷನ್‌ನಲ್ಲಿ ಲಿಂಕ್ ಹಾಕು ಅಂದಿದ್ದರು. ಅವನು ಹಾಕಿದ. ಅವನ ಲೈವ್ ನೋಡ್ತಿದ್ದ ಪಿಯುಸಿ ಹುಡುಗನೊಬ್ಬ ಕಾಲೇಜ್ ಫೀಸ್ ಕಳ್ಕೊಂಡು ಇವನಿಗೇ ಫೋನ್ ಮಾಡಿ ಅತ್ತ. ಅವತ್ತೇ ತೆಗೆಸಿದೆ.

ಈಗ ಕಾನೂನೇ ಬಂದಿದೆ. 2025ರ ಆಗಸ್ಟ್ 22ಕ್ಕೆ ರಾಷ್ಟ್ರಪತಿ ಸಹಿ ಬಿತ್ತು. ದುಡ್ಡು ಕಟ್ಟಿ ಆಡೋ ಆನ್‌ಲೈನ್ ಆಟಗಳ ಜಾಹೀರಾತು ಮಾಡಿದರೂ 2 ವರ್ಷದವರೆಗೆ ಜೈಲು, 50 ಲಕ್ಷದವರೆಗೆ ದಂಡ. ಇಸ್ಪೋರ್ಟ್ಸ್‌ಗೆ ಅದೇ ಕಾನೂನಲ್ಲಿ ಮಾನ್ಯತೆ ಇದೆ, ಬಿಜಿಎಂಐ ಲೈವ್ ಮಾಡೋಕೆ ಅಡ್ಡಿಯಿಲ್ಲ. "ಲಿಂಕ್ ಹಾಕು ಸಾಕು" ಅಂತ ಯಾರೇ ಬಂದರೂ ತಮ್ಮ ಬಾಗಿಲು ಹಾಕಬೇಕು.

ಬೆಳ್ಳಾವಿ_ಅಪ್ಪ
ನನ್ನ ಮಗನಿಗೆ 14. ಅವನೂ ಲೈವ್ ಅಂತಾನೆ.

ಎಂ.ಜಿ.ರೋಡ್_ಅಕೌಂಟ್ಸ್
ಸರ್, 2025ರ ಜುಲೈ 22ರಿಂದ ಯೂಟ್ಯೂಬ್‌ನಲ್ಲಿ 16 ತುಂಬದ ಮಕ್ಕಳು ಒಬ್ಬರೇ ಲೈವ್ ಮಾಡೋ ಹಾಗಿಲ್ಲ, ದೊಡ್ಡವರು ಜೊತೆಗಿರಬೇಕು. ನೀವೇ ಪಕ್ಕ ಕೂರಿ.

ತುರುವೇಕೆರೆ_ಕಬಡ್ಡಿ_ಲೈವ್
ಇಷ್ಟೊತ್ತು ಓದ್ತಿದ್ದೆ. ನಾನೂ ಗೇಮ್ ಲೈವ್‌ನಿಂದಲೇ ಬಂದವನು. ಚಾನೆಲ್ ಓಡಲಿಲ್ಲ, ಕಲಿತಿದ್ದು ಓಡಿತು. ಓಬಿಎಸ್ ಅನ್ನೋ ಲೈವ್ ಸಾಫ್ಟ್‌ವೇರ್‌ನಲ್ಲಿ ಸೀನ್ ಬದಲಾಯಿಸೋದು, ಸ್ಕೋರ್ ಬೋರ್ಡ್ ಕೂರಿಸೋದು, ಎರಡು ಮೂರು ಕ್ಯಾಮೆರಾ ಸೇರಿಸೋದು, ಆಡಿಯೊ ಸರಿ ಮಾಡೋದು ಎಲ್ಲಾ ಗೇಮ್ ಲೈವ್‌ನಲ್ಲೇ ಕೈಗೆ ಹತ್ತಿದ್ದು. ನಮ್ಮೂರ ಕಬಡ್ಡಿ ಟೂರ್ನಮೆಂಟ್ ಒಂದು ಸಲ ಬಿಟ್ಟಿ ಲೈವ್ ಮಾಡಿಕೊಟ್ಟೆ. ದುಬೈಯಲ್ಲಿರೋ ನಮ್ಮೂರವರು ಕೂತು ನೋಡಿದರು. ಮುಂದಿನ ವರ್ಷ ದುಡ್ಡು ಕೊಟ್ಟು ಕರೆದರು. ಈಗ ಜಾತ್ರೆ, ತೇರು, ಮದುವೆ, ನಾಟಕ. ಪೌರಾಣಿಕ ನಾಟಕ ರಾತ್ರಿ ಇಡೀ ನಡೆಯುತ್ತೆ, ಬೆಳಗಿನ ಜಾವ 4ಕ್ಕೂ ನೋಡೋರಿರ್ತಾರೆ. ಮದುವೆ ಸೀಸನ್‌ನಲ್ಲಿ ಇಬ್ಬರು ಹುಡುಗರನ್ನ ಇಟ್ಟುಕೊಳ್ತೀನಿ.

ನಿಂಜಾ ಆಗಲಿಲ್ಲ ಅಂತ ನನಗೆ ಬೇಜಾರಿಲ್ಲ. ಅಕ್ಕ, ತಮ್ಮನ್ನ ಒಂದು ಭಾನುವಾರ ನನ್ನ ಜೊತೆ ಕಳಿಸಿ. ಬಿಸಿಎ ಹುಡುಗ ಬೇರೆ, ನನಗೂ ಬೇಕು.

ಹೆಬ್ಬಾಕ_ಹುಡುಗ
ಅಣ್ಣ ನನಗೂ ಬೇಕು ಕೆಲಸ. ಸೀರಿಯಸ್ಸಾಗಿ.

ತುರುವೇಕೆರೆ_ಕಬಡ್ಡಿ_ಲೈವ್
ಬಾ ಮಗ. ಟ್ರೈಪಾಡ್ ಹೊರೋದ್ರಿಂದ ಶುರು.

ಪಾಠದ_ಮೇಷ್ಟ್ರು
ಇದೇ ಊರಲ್ಲಿ ಡಿಗ್ರಿ ಹುಡುಗರಿಗೆ ಕಂಪ್ಯೂಟರ್ ಪಾಠ ಮಾಡ್ತೀನಿ. ರಾತ್ರಿ 2ರವರೆಗೆ ಎದ್ದಿರೋ ಹುಡುಗ ಬೆಳಿಗ್ಗೆ 9ರ ಕ್ಲಾಸಲ್ಲಿ ಕಣ್ಣು ತೆರೆದು ನಿದ್ದೆ ಮಾಡ್ತಾನೆ, ದಿನಾ ನೋಡ್ತೀನಿ. ಆ ಹುಡುಗರ ಮೇಲೆ ನನಗೆ ಕೋಪ ಇಲ್ಲ. ಅವರಲ್ಲಿ ಕೆಲವರು ನಾನು ಕಲಿಸೋದಕ್ಕಿಂತ ಜಾಸ್ತಿ ಆ ಪರದೆ ಮುಂದೆ ಕಲಿತಿದ್ದಾರೆ. ಆದರೆ ಉಳಿದಿರೋದು ಒಂದೂವರೆ ವರ್ಷ. ಸಮಯ 9ರಿಂದ 11 ಮಾಡಲಿ, ವಾರಕ್ಕೆ ಎರಡು ದಿನ ರಜೆ ಅಂತ ನೋಡುಗರಿಗೆ ಮೊದಲೇ ಹೇಳಲಿ. ಚಿಕ್ಕಬಳ್ಳಾಪುರದ ಆ ಹೆಣ್ಣುಮಗಳು ಹಾಗೇ ಮಾಡಿ ಎರಡೂವರೆ ವರ್ಷ ನಿಂತಿದ್ದಾಳೆ. ನಿಂಜಾಗೇ 2024ರಲ್ಲಿ ಪಾದದ ಮೇಲೆ ಚರ್ಮದ ಕ್ಯಾನ್ಸರ್ ಪತ್ತೆಯಾಯ್ತು. ಮಾಮೂಲಿ ಚೆಕಪ್‌ಗೆ ಹೋಗಿದ್ದಕ್ಕೆ ಬೇಗ ಸಿಕ್ಕಿತು, ಗುಣವಾಯಿತು. ಡಾಕ್ಟರ್ ಹತ್ತಿರ ಹೋಗೋಕೆ ಅವನಿಗೆ ಬಿಡುವು ಸಿಕ್ಕಿತ್ತಲ್ಲ, ಅದು ದೊಡ್ಡದು.

ಅಪ್ಪನ ವಿಷಯ: ಅಂಗಡಿಯವರಿಗೆ ಮಾತು ಬೇಡ, ಲೆಕ್ಕ ಬೇಕು. ಎಂಟು ತಿಂಗಳ ಜಮೆ ಖರ್ಚು ಒಂದು ಹಾಳೆಯಲ್ಲಿ ಬರೆದು ತಮ್ಮನೇ ಕೊಡಲಿ.

ಶೆಟ್ಟಿಹಳ್ಳಿ_ಅಕ್ಕ
ಎಲ್ಲರಿಗೂ ಕೈ ಮುಗೀತೀನಿ. ನಿನ್ನೆ ಮನೆಗೆ ಹೋಗಿದ್ದೆ. ಇಡೀ ಚರ್ಚೆ ತಮ್ಮನಿಗೆ ಓದೋಕೆ ಕೊಟ್ಟೆ. ಶಿರಾ ಗೇಟ್ ಅಣ್ಣನ ಪ್ರಶ್ನೆ ಬಂದಲ್ಲಿ ತುಂಬಾ ಹೊತ್ತು ಸುಮ್ಮನಿದ್ದ. ರಾತ್ರಿ ಲೈವ್‌ನಲ್ಲಿ ಗೇಮ್ ಹಾಕದೆ ಸುಮ್ಮನೆ ಮಾತಾಡ್ತಾ ಕೂತ. ದಿನಾ 90 ಜನ ಇರ್ತಿದ್ದರು, ನಿನ್ನೆ 31. "ಅಕ್ಕ, 31 ಜನ ನನಗೋಸ್ಕರ ಇದ್ದಾರೆ" ಅಂದ. ಅಳು ಬಂತು ನನಗೆ.

ಲೆಕ್ಕದ ಹಾಳೆ ಬರೆದಿದ್ದಾನೆ. ಎಂಟು ತಿಂಗಳಲ್ಲಿ ಬಂದಿದ್ದು 6,210, ಖರ್ಚು 19 ಸಾವಿರ ಚಿಲ್ಲರೆ. ಅಪ್ಪ ಕನ್ನಡಕ ಹಾಕ್ಕೊಂಡು ಎರಡು ಸಲ ನೋಡಿದರು. "ಅಂಗಡಿ ಇಟ್ಟ ಮೊದಲ ವರ್ಷ ನನಗೂ ನಷ್ಟವೇ" ಅಂದು ಒಳಗೆ ಹೋದರು. ಗೌರಿ ಹಬ್ಬ ಆದ ಮೇಲೆ ಅವನಿಗೆ ನೇರವಾಗಿ ಆಡಿದ ಮೊದಲ ಮಾತು. ಕಾಲೇಜಿಗೆ ಸೋಮವಾರದಿಂದ ಹೋಗ್ತಾನೆ. ಭಾನುವಾರ ತುರುವೇಕೆರೆಗೆ ಬರ್ತಾನೆ ಅಣ್ಣ, ನಂಬರ್ ಇನ್‌ಬಾಕ್ಸ್‌ಗೆ ಹಾಕಿ.

ಇನ್ನೊಂದು ಕೇಳಬೇಕಿತ್ತು. ಮಳೆ ಬಂದ್ರೆ ಲೈವ್ ಕಟ್ ಆಗುತ್ತೆ, ನಿಂತು ನಿಂತು ಹೋಗುತ್ತೆ. 100 ಎಂಬಿಪಿಎಸ್ ಪ್ಲಾನ್ ಅಂತಾರೆ. ಯಾಕೆ?

ನಿಟ್ಟೂರು_ರೋಡ್
ಡೌನ್‌ಲೋಡ್ ನೋಡಬೇಡಿ, ಅಪ್‌ಲೋಡ್ ಎಷ್ಟು ಅಂತ ಟೆಸ್ಟ್ ಮಾಡಿ. ಲೈವ್‌ನ ಕ್ವಾಲಿಟಿಗೆ ಬೇಕಾದಷ್ಟು ಅಪ್‌ಲೋಡ್ ಏರಿಳಿತ ಇಲ್ಲದೆ ಸಿಗಬೇಕು. ವೈಫೈ ಬೇಡ, ರೂಟರ್‌ನಿಂದ ಲ್ಯಾನ್ ವೈರ್ ಎಳೀರಿ. ಕರೆಂಟ್ ಹೋದಾಗ ಕಟ್ ಆಗ್ತಿದ್ರೆ ರೂಟರ್‌ಗೊಂದು ಚಿಕ್ಕ ಯುಪಿಎಸ್ ಸಾಕು.

ಶಿರಾಗೇಟ್_ಹಳೇ_ಸ್ಟ್ರೀಮರ್
ಮಳೆಗೆ ಮಾತ್ರ ಹೋಗುತ್ತೆ ಅಂದ್ರೆ ಕಂಬದ ಹತ್ತಿರ ಜಾಯಿಂಟ್‌ಗೆ ನೀರು ಇಳೀತಿರಬೇಕು. ಶನಿವಾರ ನನಗೆ ಮೊದಲ ಶಿಫ್ಟು, 3 ಗಂಟೆಗೆ ಬಿಡ್ತಾರೆ. ನನ್ನ ಹಳೇ ಲ್ಯಾನ್ ವೈರ್ 20 ಮೀಟರ್ ಸುಮ್ಮನೆ ಬಿದ್ದಿದೆ, ತಗೊಂಡು ಬರ್ತೀನಿ. ಶೆಟ್ಟಿಹಳ್ಳಿ ಅಂಡರ್‌ಪಾಸ್ ದಾಟಿದ ಮೇಲೆ ಎಡಕ್ಕಾ ಬಲಕ್ಕಾ ಹೇಳಿ ಅಕ್ಕ.